ಕಲ್ಲಿಗೆ ಬೆಲೆ ಬಂತು, ಕಲಿಕೆಗೆ ಬರಲಿಲ್ಲ

ಕಾರ್ಖಾನೆ ಬಂದರೆ ಅಭಿವೃದ್ಧಿ ಬರುತ್ತದೆ, ಶಿಕ್ಷಣ ತಾನಾಗಿಯೇ ಅದರ ಹಿಂದೆ ಬರುತ್ತದೆ ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಅದು ನಿಜವಾಗಿದ್ದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳು ಇಂದು ನಾಡಿನ ವಿದ್ಯಾಕೇಂದ್ರಗಳಾಗಿರಬೇಕಿತ್ತು.

ಈ ನೆಲಕ್ಕೇನು ಕೊರತೆ? ಶಹಾಬಾದಿನ ಹಾಸುಗಲ್ಲು ಅಸಂಖ್ಯ ಮನೆಗಳ ನೆಲವಾಗಿದೆ. ವಾಡಿ, ಸೇಡಂ, ಮಳಖೇಡಗಳ ಸಿಮೆಂಟು ದಶಕಗಳಿಂದ ರೈಲು ಹತ್ತಿ ಹೋಗಿ ದೂರದ ನಗರಗಳನ್ನು ಕಟ್ಟಿದೆ. ಅದೇ ಮಳಖೇಡ ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟರ ರಾಜಧಾನಿ. ಲಭ್ಯವಿರುವ ಮೊದಲ ಕನ್ನಡ ಕೃತಿ 'ಕವಿರಾಜಮಾರ್ಗ' ರಚನೆಯಾದದ್ದು ಅಲ್ಲಿನ ಆಸ್ಥಾನದಲ್ಲಿ. ಆದರೂ 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75.36 ಇದ್ದಾಗ ನಮ್ಮ ಜಿಲ್ಲೆಯದು ಶೇ. 64.85. ಮಹಿಳೆಯರದಂತೂ ಶೇ. 55ರ ಆಸುಪಾಸು. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಶೇ. 91.12 ಪಡೆದು ಮೊದಲಾಯಿತು, ಕಲಬುರಗಿ ಶೇ. 42.43 ಪಡೆದು ಕೊನೆಗುಳಿಯಿತು.

ನಮ್ಮ ಮಕ್ಕಳು ದಡ್ಡರೆನ್ನುವವರು, ತೊಗರಿ ರಾಶಿಯ ಕಾಲಕ್ಕೆ ತರಗತಿ ಬಿಡುವ ಮಗುವನ್ನು, ತಂದೆತಾಯಿಯರೊಡನೆ ಮುಂಬಯಿ, ಹೈದರಾಬಾದುಗಳಿಗೆ ಗುಳೆ ಹೋಗುವ ಮಗುವನ್ನು, ಗಣಿತ ಶಿಕ್ಷಕರಿಲ್ಲದ ಶಾಲೆಯನ್ನು ಒಮ್ಮೆ ನೋಡಲಿ. ಕಾರ್ಖಾನೆಯ ಯಂತ್ರ ನಡೆಸಲು ಡಿಪ್ಲೊಮಾ ಬೇಕು. ಚೀಲ ಹೊರಲು ಏನೂ ಬೇಡ. ಓದು ನಿಲ್ಲಿಸಿದವನಿಗೆ, ತನ್ನ ಹಿರಿಯರ ಹೊಲವಿದ್ದಲ್ಲೇ ಎದ್ದ ಕಾರ್ಖಾನೆಯಲ್ಲಿ ಗುತ್ತಿಗೆ ಕೂಲಿಯೇ ಗತಿ. ಶಾಲೆಯಿಲ್ಲದ ಅಭಿವೃದ್ಧಿ ಅಸಮಾನತೆಯನ್ನು ಅಳಿಸುವುದಿಲ್ಲ, ಮುಂದಿನ ತಲೆಮಾರಿಗೆ ದಾಟಿಸುತ್ತದೆ.

ಸಂವಿಧಾನದ 371(ಜೆ) ವಿಧಿಯಂತೆ 2013ರಿಂದ ಈ ಭಾಗದ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70ರಷ್ಟು ಸೀಟುಗಳು ಸ್ಥಳೀಯರಿಗೆ ಮೀಸಲು. ಇದು ದೀರ್ಘ ಹೋರಾಟದ ಫಲ, ನಿಜ. ಆದರೆ ಒಂಬತ್ತನೆಯ ತರಗತಿಯಲ್ಲೇ ಶಾಲೆ ಬಿಟ್ಟ ಹುಡುಗಿಗೆ ವೈದ್ಯಕೀಯ ಸೀಟು ಮೀಸಲಿಟ್ಟು ಪ್ರಯೋಜನವೇನು? ಕೆಳಗಿನ ಮೆಟ್ಟಿಲುಗಳೇ ಇಲ್ಲದ ಏಣಿಯನ್ನು ಯಾರು ಹತ್ತಿಯಾರು?

ಹಣವಿಲ್ಲವೆಂದು ಯಾರೂ ಹೇಳದಿರಲಿ. ಗಣಿಗಾರಿಕೆಯಿಂದ ಬಾಧಿತರಾದ ಜನರಿಗೆಂದೇ 2015ರ ಕಾನೂನು ತಿದ್ದುಪಡಿ ಜಿಲ್ಲಾ ಖನಿಜ ಪ್ರತಿಷ್ಠಾನವನ್ನು ತಂದಿದೆ. ಶಿಕ್ಷಣ ಅದರ ಆದ್ಯತೆಗಳಲ್ಲೊಂದು. ಆ ಹಣ ಕಮಾನು, ಕಾಂಕ್ರೀಟುಗಳಿಗಿಂತ ಮೊದಲು ಶಾಲೆಗಳಿಗೆ, ಗುಳೆ ಹೋಗುವವರ ಮಕ್ಕಳ ವಸತಿಗೆ ಸಲ್ಲಲಿ. ಇದನ್ನು ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳಬೇಕಾದವರು ನಾವೇ, ನೀವೇ.

ಒಮ್ಮೆ ಅಗೆದ ಸುಣ್ಣದಕಲ್ಲು ಮತ್ತೆ ಬೆಳೆಯುವುದಿಲ್ಲ. ಗಣಿ ಬರಿದಾದ ದಿನ ಈ ಊರುಗಳಲ್ಲಿ ಉಳಿಯುವುದು ಗುಂಡಿಗಳು ಮತ್ತು ನಮ್ಮ ಮಕ್ಕಳು. ಅಂದು ಆ ಮಕ್ಕಳ ಕೈಯಲ್ಲಿ ವಿದ್ಯೆಯಿರಬೇಕೋ, ಗುದ್ದಲಿಯಿರಬೇಕೋ ಎಂಬುದು ಇಂದು ತೀರ್ಮಾನವಾಗುತ್ತಿದೆ.