ಒಳಗೆ ಹೋಗುವ ತೋಟೆಯೆಲ್ಲ ಹೊಂದುವ ತೋಟೆಯಲ್ಲ

ಪರವಾನಗಿ ಪುಸ್ತಕದಲ್ಲಿ ‘.32 ರಿವಾಲ್ವರ್’ ಎಂದು ಬರೆದಿದೆ. ಅಂಗಡಿಯ ಕಪಾಟಿನಲ್ಲಿ ಎರಡು ಬಗೆಯ ತೋಟೆಗಳಿವೆ, ಎರಡನ್ನೂ ಜನ ‘.32’ ಎಂದೇ ಕರೆಯುತ್ತಾರೆ. ಒಂದು ಉದ್ದ, ಇನ್ನೊಂದು ಗಿಡ್ಡ. ದಪ್ಪ ಹೆಚ್ಚುಕಡಿಮೆ ಒಂದೇ. ಗಿಡ್ಡದನ್ನು ರಿವಾಲ್ವರಿನ ತೂತಿಗೆ ಹಾಕಿದರೆ ಒಳಗೆ ಹೋಗಿ ಕೂರುವುದೂ ಉಂಟು. ಹಾಗಾದರೆ ಅದನ್ನು ಹಾರಿಸಬಹುದೇ?

ಉತ್ತರ ಚಿಕ್ಕದು: ಹಾರಿಸಬಾರದು. ಆದರೆ ಯಾಕೆ ಬಾರದು, ಯಾವ ಜೋಡಿಯಲ್ಲಿ ಅದಲುಬದಲು ನಡೆಯುತ್ತದೆ, ಯಾವುದರಲ್ಲಿ ನಡೆಯುವುದಿಲ್ಲ ಎಂಬುದನ್ನು ಬಿಡಿಸಿ ಹೇಳದಿದ್ದರೆ ಆ ಉತ್ತರ ಯಾರ ಮನಸ್ಸಿನಲ್ಲೂ ನಿಲ್ಲುವುದಿಲ್ಲ.

ನಮ್ಮ ಕಡೆ ಬಂದೂಕಿನ ಪರವಾನಗಿ ಎಂದರೆ ಮುಖ್ಯವಾಗಿ ಎರಡು ಕಾರಣ: ಬೆಳೆ ರಕ್ಷಣೆ, ಆತ್ಮರಕ್ಷಣೆ. ಹೊಲಮನೆಯವರು ಇಟ್ಟುಕೊಳ್ಳುವುದು ಒಂಟಿ ನಳಿಕೆಯ ಅಥವಾ ಜೋಡಿ ನಳಿಕೆಯ ಬಂದೂಕು. ವ್ಯಾಪಾರ, ವಹಿವಾಟು ಇದ್ದವರು ಕೇಳುವುದು ರಿವಾಲ್ವರ್ ಅಥವಾ ಪಿಸ್ತೂಲು. ದೇವರಗುಡ್ಡದಲ್ಲಿ ಮಾಲತೇಶನ ಕಾರ್ಣಿಕ ಕೇಳಲು ಜನ ಸೇರುವ ನವರಾತ್ರಿಯ ಹೊತ್ತಿಗೇ ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಊರುಗಳಲ್ಲಿ ಆಯುಧ ಪೂಜೆ. ಟ್ರ್ಯಾಕ್ಟರ್, ರಂಟೆ, ಕುಂಟೆಗಳ ಸಾಲಿಗೆ ಟ್ರಂಕಿನೊಳಗಿನ ಆಯುಧವೂ ಬರುತ್ತದೆ. ಚುನಾವಣೆ ಘೋಷಣೆಯಾದಾಗ ಠಾಣೆಯಲ್ಲಿ ಠೇವಣಿ ಇಟ್ಟು, ಮುಗಿದ ಮೇಲೆ ಬಿಡಿಸಿಕೊಂಡು ಬರುವುದೂ ಇದೆ. ಹೀಗೆ ಅಪರೂಪಕ್ಕೆ ಕೈಗೆ ಬರುವ ಆಯುಧದ ಜೊತೆ ಅಪ್ಪನ ಕಾಲದ, ಅಜ್ಜನ ಕಾಲದ ಬಿಡಿ ತೋಟೆಗಳೂ ಉಳಿದಿದ್ದರೆ ಗೊಂದಲ ಅಲ್ಲಿಂದಲೇ ಶುರು.

ನಮ್ಮ ದೇಶದಲ್ಲಿ .32ಕ್ಕೆ ಇಷ್ಟು ಬೇಡಿಕೆ ಬರಲು ಕಾನೂನೇ ಕಾರಣ. .38 ಮತ್ತು .455 ಅಳತೆಯ ಕೈಬಂದೂಕುಗಳು, 9 ಎಂಎಂ ಪಿಸ್ತೂಲು, .303 ರೈಫಲ್ ಇವೆಲ್ಲ ‘ನಿಷೇಧಿತ ಬೋರ್’. ಸೇನೆ, ಪೊಲೀಸರು ಬಳಸುತ್ತ ಬಂದ ಅಳತೆಗಳು ಸಾಮಾನ್ಯ ನಾಗರಿಕರ ಕೈಗೆ ಸಿಗುವುದಿಲ್ಲ. ಹಾಗಾಗಿ ಆತ್ಮರಕ್ಷಣೆಯ ಕೈಬಂದೂಕು ಎಂದರೆ ಹೆಚ್ಚಾಗಿ .32. ಕಾನ್ಪುರದ ಸರ್ಕಾರಿ ಕಾರ್ಖಾನೆ ಮಾಡುವುದು .32 ರಿವಾಲ್ವರ್, 2014ರಲ್ಲಿ ಹೆಣ್ಣುಮಕ್ಕಳಿಗೆಂದು ಬಂದ ಹಗುರವಾದ ‘ನಿರ್ಭೀಕ್’ ಕೂಡ ಅದೇ ಅಳತೆಯದು. ಪಶ್ಚಿಮ ಬಂಗಾಳದ ಸರ್ಕಾರಿ ಕಾರ್ಖಾನೆಗಳಿಂದ ಬಂದದ್ದು .32 ಪಿಸ್ತೂಲು. ಹೆಸರು ಒಂದೇ, ಆದರೆ ತಿನ್ನುವ ತೋಟೆ ಬೇರೆ ಬೇರೆ.

ರಿವಾಲ್ವರಿನ ತೋಟೆಯ ಪೂರ್ತಿ ಹೆಸರು .32 ಸ್ಮಿತ್ ಅಂಡ್ ವೆಸನ್ ಲಾಂಗ್. ಇದು 1896ರ ಹುಟ್ಟು. ಪಿಸ್ತೂಲಿನದು .32 ಎಸಿಪಿ; ಜಾನ್ ಬ್ರೌನಿಂಗ್ 1899ರಲ್ಲಿ ರೂಪಿಸಿದ್ದು. ಎರಡರಲ್ಲೂ ತುದಿಯ ಗುಂಡಿನ ದಪ್ಪ ಸುಮಾರು 7.9 ಮಿಲಿಮೀಟರ್. ಹಿತ್ತಾಳೆ ಕವಚದ ದಪ್ಪವೂ ಎಂಟೂವರೆ ಮಿಲಿಮೀಟರ್ ಆಸುಪಾಸಿನಲ್ಲಿ ಒಂದೇ. ಮಿಲಿಮೀಟರಿನಲ್ಲಿ ಬರೆದ ಹೆಸರೂ ಗೊಂದಲ ಬಿಡಿಸುವುದಿಲ್ಲ, ಯಾಕೆಂದರೆ ಎರಡಕ್ಕೂ 7.65 ಎಂದೇ ಬರೆಯುತ್ತಾರೆ. ನೋಡಬೇಕಾದದ್ದು ಅದರ ಪಕ್ಕದ ಅಂಕಿ: 23 ಇದ್ದರೆ ರಿವಾಲ್ವರಿನದು, 17 ಇದ್ದರೆ ಪಿಸ್ತೂಲಿನದು. ಆ ಅಂಕಿ ಹಿತ್ತಾಳೆ ಕವಚದ ಉದ್ದ.

ತಳದ ಅಂಚನ್ನೂ ನೋಡಬೇಕು. ರಿವಾಲ್ವರಿನ ತೋಟೆಗೆ ತಳದಲ್ಲಿ ಅಗಲವಾದ ಅಂಚಿದೆ, ಸುಮಾರು ಒಂಬತ್ತೂವರೆ ಮಿಲಿಮೀಟರ್. ಸಿಲಿಂಡರಿನ ತೂತಿನ ಬಾಯಿಗೆ ಆ ಅಂಚು ತಗುಲಿ ತೋಟೆ ನಿಲ್ಲುತ್ತದೆ. ಪಿಸ್ತೂಲಿನ ತೋಟೆಯ ಅಂಚು ಒಂಬತ್ತು ಮಿಲಿಮೀಟರಿಗಿಂತ ತುಸುವೇ ಹೆಚ್ಚು, ದಪ್ಪವೂ ಕಡಿಮೆ. ಅಷ್ಟೇ ಸಣ್ಣ ಅಂಚೂ ಎಷ್ಟೋ ರಿವಾಲ್ವರುಗಳಲ್ಲಿ ತೋಟೆಯನ್ನು ಹೇಗೋ ಹಿಡಿದು ನಿಲ್ಲಿಸುತ್ತದೆ. ಕುದುರೆ ಎಳೆದರೆ ಢಂ ಎನ್ನುತ್ತದೆ. ನೋಡಿದವರು ‘ನಡೀತದ’ ಎಂದು ತೀರ್ಮಾನಿಸಿಬಿಡುತ್ತಾರೆ.

ನಡೆಯುವುದಿಲ್ಲ ಎನ್ನಲು ಮೊದಲ ಕಾರಣ ಒತ್ತಡ. ಇದನ್ನು ರೈತರಿಗೆ ಹೊಸದಾಗಿ ಹೇಳಬೇಕಿಲ್ಲ. ನಾಲ್ಕು ಕೆಜಿಯ ಪಿವಿಸಿ ಪೈಪು, ಆರು ಕೆಜಿಯ ಪೈಪು ಹೊರಗಿನಿಂದ ಒಂದೇ ದಪ್ಪ. ಒಂದಕ್ಕೊಂದು ಸಲೀಸಾಗಿ ಸೇರುತ್ತವೆ, ಅಂಟೂ ಹಿಡಿಯುತ್ತದೆ. ಆದರೆ ಆರು ಕೆಜಿ ಬೇಕಾದ ಕಡೆ ನಾಲ್ಕು ಕೆಜಿಯದು ಹಾಕಿದರೆ ಒಡೆಯುವುದು ಪೈಪು. ಸೇರುವುದು ಬೇರೆ, ತಡೆಯುವುದು ಬೇರೆ. ತೋಟೆಯೊಳಗೆ ಮದ್ದು ಉರಿದಾಗ ಹುಟ್ಟುವ ಒತ್ತಡವನ್ನೂ ಅದೇ ಲೆಕ್ಕದಲ್ಲಿ, ಚದರ ಸೆಂಟಿಮೀಟರಿಗೆ ಇಷ್ಟು ಕೆಜಿ ಎಂದು ಹೇಳಬಹುದು. ಅಮೆರಿಕದ ಉದ್ಯಮದ ಮಾನದಂಡದಂತೆ .32 ಲಾಂಗಿಗೆ ಗರಿಷ್ಠ ಮಿತಿ ಸುಮಾರು 1,050 ಕೆಜಿ. .32 ಎಸಿಪಿಗೆ ಸುಮಾರು 1,440. ಗಿಡ್ಡ ತೋಟೆಯದೇ ಹೆಚ್ಚು, ಅದೂ ಮೂರನೇ ಒಂದು ಪಾಲಿಗಿಂತ ಜಾಸ್ತಿ. ಗಿಡ್ಡದ್ದು ಎಂದರೆ ದುರ್ಬಲ ಎಂಬ ನಮ್ಮ ಅಂದಾಜು ಇಲ್ಲಿ ತಲೆಕೆಳಗಾಗುತ್ತದೆ.

ಆಯುಧ ಕಾರ್ಖಾನೆಯಿಂದ ಹೊರಬರುವ ಮೊದಲು ಅದರಲ್ಲಿ ಮಿತಿಗಿಂತ ಬಿರುಸಾದ ತೋಟೆ ಹಾರಿಸಿ ಪರೀಕ್ಷಿಸಿ ಮುದ್ರೆ ಒತ್ತುತ್ತಾರೆ. ಯುರೋಪಿನ ಪದ್ಧತಿಯಲ್ಲಿ ಕೈಬಂದೂಕಿಗೆ ಈ ಹೆಚ್ಚಳ ಶೇ 30. ಆ ಪರೀಕ್ಷೆ ತಯಾರಕರು ಮಾಡಿ ಮುಗಿಸುವಂಥದ್ದು, ಮನೆಯಲ್ಲಿ ಪ್ರತಿ ಸಲ ಮಾಡುವಂಥದ್ದಲ್ಲ. ತಪ್ಪು ತೋಟೆ ಹಾಕಿದವರು ತಮಗೆ ಗೊತ್ತಿಲ್ಲದೆ ಪ್ರತಿ ಗುಂಡಿಗೂ ಹೆಚ್ಚುಕಡಿಮೆ ಆ ಪರೀಕ್ಷೆಯನ್ನೇ ಮಾಡುತ್ತಿರುತ್ತಾರೆ.

ಇಲ್ಲಿ ಒಂದು ಆಕ್ಷೇಪಕ್ಕೆ ನ್ಯಾಯವಾಗಿ ಉತ್ತರ ಕೊಡಬೇಕು. ‘ಹಾರಿಸಿದವರಿದ್ದಾರೆ, ಏನೂ ಆಗಿಲ್ಲ’ ಎನ್ನುವವರು ಸುಳ್ಳು ಹೇಳುತ್ತಿಲ್ಲ. .32 ಲಾಂಗಿನ ಮಿತಿಯನ್ನು ಕಡಿಮೆ ಇಟ್ಟಿರುವುದು ನೂರು ವರ್ಷದ ಹಿಂದಿನ ಸಡಿಲ ರಿವಾಲ್ವರುಗಳೂ ಇನ್ನೂ ಬಳಕೆಯಲ್ಲಿವೆ ಎಂಬ ಕಾರಣಕ್ಕೆ. ಗಟ್ಟಿ ಉಕ್ಕಿನ ಹೊಸ ಆಯುಧ ಒಂದಿಷ್ಟು ಹೆಚ್ಚು ತಡೆದೀತು. ಆದರೆ ನಮ್ಮ ಕೈಯಲ್ಲಿರುವುದು ಎಷ್ಟು ತಡೆದೀತು ಎಂದು ಕಣ್ಣಿಗೆ ಕಾಣುವುದಿಲ್ಲ. ಸಿಲಿಂಡರ್ ಮೊದಲ ಗುಂಡಿಗೇ ಸಿಡಿಯಬೇಕೆಂದೂ ಇಲ್ಲ. ಲೋಹ ಒಳಗೊಳಗೇ ಹಿಗ್ಗಿ, ಬಿರುಕು ಬಿಟ್ಟು, ಯಾವುದೋ ಒಂದು ಗುಂಡಿಗೆ ಕೈ ಕೊಡಬಹುದು. ಕಾನ್ಪುರದ ಮೂಲ .32 ರಿವಾಲ್ವರ್ ಹಳೆಯ ವೆಬ್ಲಿ ಮಾದರಿಯಿಂದ ಬಂದದ್ದು. ಅದನ್ನು ಮೇಲಿನಿಂದ ಮಡಚಿ ತೆರೆಯುತ್ತಾರೆ. ಕೆಳಗೊಂದು ತಿರುಗಣಿ, ಮೇಲೊಂದು ಚಿಲಕ, ಇವೆರಡೇ ಚೌಕಟ್ಟನ್ನು ಹಿಡಿದಿಡುವುದು. ಅಳತೆ ಮೀರಿದ ಪ್ರತಿ ಹೊಡೆತವೂ ಅವೆರಡರ ಮೇಲೆ ಬೀಳುತ್ತದೆ.

ಎರಡನೆಯ ಕಾರಣ ಆ ಸಣ್ಣ ಅಂಚೇ. ಖಾಲಿ ಕವಚಗಳನ್ನು ಹೊರದಬ್ಬುವ ನಕ್ಷತ್ರಾಕಾರದ ಬಿಲ್ಲೆ ಅಂಚನ್ನು ಹಿಡಿದು ಮೇಲೆತ್ತುತ್ತದೆ. ಅಂಚು ಕಿರಿದಾದರೆ ಕವಚ ಜಾರಿ ಬಿಲ್ಲೆಯ ಕೆಳಗೆ ಸಿಕ್ಕಿಕೊಳ್ಳಬಹುದು. ಆಗ ಆಯುಧ ತೆರೆಯುವುದೂ ಇಲ್ಲ, ಮುಚ್ಚುವುದೂ ಇಲ್ಲ. ಆತ್ಮರಕ್ಷಣೆಗೆಂದು ಕೊಂಡದ್ದು ಬೇಕಾದ ಗಳಿಗೆಯಲ್ಲಿ ಕಬ್ಬಿಣದ ತುಂಡಾಗುತ್ತದೆ.

ಹಾಗಾದರೆ ಅದಲುಬದಲು ಎಂದೂ ಸಲ್ಲದೇ? ಸಲ್ಲುವ ಜೋಡಿಗಳಿವೆ, ಅವು ಒಂದೇ ವಂಶದವು. ಒಂದು ತೋಟೆಯನ್ನೇ ಉದ್ದ ಮಾಡಿ, ಬಿರುಸು ಹೆಚ್ಚಿಸಿ ಹೊಸದು ರೂಪಿಸಿದಾಗ ಹೊಸದರ ರಿವಾಲ್ವರಿನಲ್ಲಿ ಹಳೆಯದು ನಡೆಯುತ್ತದೆ. ಹೆಸರಾಂತ ಉದಾಹರಣೆ .38 ಸ್ಪೆಷಲ್ ಮತ್ತು .357 ಮ್ಯಾಗ್ನಂ. 1935ರಲ್ಲಿ ಮ್ಯಾಗ್ನಂ ಬಂದಾಗ ಅದರ ಕವಚವನ್ನು ಸುಮಾರು ಮೂರೂವರೆ ಮಿಲಿಮೀಟರ್ ಉದ್ದ ಮಾಡಿದರು. ಹಳೆಯ .38 ರಿವಾಲ್ವರಿನೊಳಗೆ ಅದು ಹೋಗಬಾರದು ಎಂಬುದೇ ಅದರ ಉದ್ದೇಶ. .38 ಸ್ಪೆಷಲ್‌ನ ಮಿತಿ 1,200 ಕೆಜಿ ಆಸುಪಾಸು, ಮ್ಯಾಗ್ನಂನದು ಅದರ ಎರಡರಷ್ಟು. ಮ್ಯಾಗ್ನಂ ರಿವಾಲ್ವರಿನಲ್ಲಿ .38 ಸ್ಪೆಷಲ್ ಹಾರಿಸಬಹುದು, ತಿರುಗಾಮುರುಗಾ ಅಲ್ಲ. .32ರ ವಂಶವೂ ಹೀಗೇ: 1878ರ ಗಿಡ್ಡ .32 ಸ್ಮಿತ್ ಅಂಡ್ ವೆಸನ್ ತೋಟೆ .32 ಲಾಂಗಿನ ರಿವಾಲ್ವರಿನಲ್ಲಿ ನಡೆಯುತ್ತದೆ. ಲಾಂಗ್ ತೋಟೆ 1984ರ .32 ಎಚ್ ಅಂಡ್ ಆರ್ ಮ್ಯಾಗ್ನಂ ರಿವಾಲ್ವರಿನಲ್ಲಿ ನಡೆಯುತ್ತದೆ. ಚಿಕ್ಕದು ದೊಡ್ಡದರ ಮನೆಯಲ್ಲಿ ಇರಬಹುದು, ದೊಡ್ಡದು ಚಿಕ್ಕದರ ಮನೆಗೆ ಹೋಗಬಾರದು.

ಸಲ್ಲುವ ಜೋಡಿಗೂ ಒಂದು ಎಚ್ಚರಿಕೆ ಇದೆ. ಗಿಡ್ಡ ತೋಟೆ ಹಾರಿಸುತ್ತ ಹೋದರೆ ಅದರ ಬಾಯಿ ಮುಗಿಯುವಲ್ಲಿ ಮಸಿ, ಸೀಸ ಉಂಗುರದ ಹಾಗೆ ಕಟ್ಟಿಕೊಳ್ಳುತ್ತವೆ. ಆಮೇಲೆ ಉದ್ದನೆಯದನ್ನು ಒತ್ತಿ ತೂರಿಸಿದರೆ ಗುಂಡು ಬಿಡಿಸಿಕೊಂಡು ಹೋಗಲು ಜಾಗ ಸಾಲದೆ ಒತ್ತಡ ಏರುತ್ತದೆ. ತೂತುಗಳನ್ನು ಬ್ರಷ್ ಹಾಕಿ ಉಜ್ಜದೆ ಬದಲಾಯಿಸಬಾರದು.

ಹೆಸರು ಇನ್ನೊಂದು ಬಗೆಯಲ್ಲೂ ಮೋಸ ಮಾಡುತ್ತದೆ. .32 ಕೋಲ್ಟ್ ನ್ಯೂ ಪೊಲೀಸ್ ಎಂಬುದು ಬೇರೆಯೇ ತೋಟೆಯಂತೆ ಕೇಳಿಸುತ್ತದೆ, ಆದರೆ ಅದು .32 ಸ್ಮಿತ್ ಅಂಡ್ ವೆಸನ್ ಲಾಂಗೇ. ಗುಂಡಿನ ಮೂಗು ಮಾತ್ರ ಚಪ್ಪಟೆ. ಪ್ರತಿಸ್ಪರ್ಧಿ ಕಂಪನಿಯ ಹೆಸರನ್ನು ತನ್ನ ಆಯುಧದ ಮೇಲೆ ಕೆತ್ತಲು ಕೋಲ್ಟ್‌ಗೆ ಮನಸ್ಸಿರಲಿಲ್ಲ. ಅದೇ .32 ಲಾಂಗ್ ಕೋಲ್ಟ್ ಎಂಬುದು ಲಾಂಗಿನ ಅಣ್ಣತಮ್ಮನಂತೆ ಕೇಳಿಸಿದರೂ ಸಂಬಂಧವೇ ಇಲ್ಲ. ಅದರ ಕವಚ ತೆಳ್ಳಗೆ. ಸ್ಮಿತ್ ಅಂಡ್ ವೆಸನ್ ತೂತಿನಲ್ಲಿ ಲೊಡಲೊಡ ಅಲ್ಲಾಡಿ, ಹಾರಿಸಿದಾಗ ಸೀಳಬಹುದು. ಇಂಥ ಹಳೆಯ ವಿಲಾಯತಿ ಆಯುಧ ಬಳುವಳಿಯಾಗಿ ಬಂದಿದ್ದರೆ ಅಂದಾಜಿನ ಮೇಲೆ ತೋಟೆ ಕೊಳ್ಳಬಾರದು.

ಪಿಸ್ತೂಲಿನಲ್ಲಿ ಈ ಅಪಾಯ ಕಡಿಮೆ. ಉದ್ದನೆಯ ರಿವಾಲ್ವರ್ ತೋಟೆ ಅದರ ಮ್ಯಾಗಜೀನಿನೊಳಗೆ ಹಿಡಿಯುವುದೇ ಇಲ್ಲ. ರಿವಾಲ್ವರಿಗೆ ಆ ತಡೆ ಇಲ್ಲ. ತೋಟೆ ಎಷ್ಟು ಗಿಡ್ಡ ಎಂದು ಅದು ನೋಡುವುದಿಲ್ಲ, ಅಂಚು ಸಿಕ್ಕಿದರೆ ಸಾಕು. ಎಲ್ಲದಕ್ಕೂ ಹೊಂದಿಕೊಳ್ಳುವ ಆಯುಧ ಎಂಬ ರಿವಾಲ್ವರಿನ ಹೆಗ್ಗಳಿಕೆಯೇ ಇಲ್ಲಿ ಅದರ ದೋಷ.

ಹೊಲದ ಬಂದೂಕಿಗೆ ಬಂದರೆ ಇದೇ ತಪ್ಪು ಇನ್ನೂ ಭೀಕರ. 12 ಬೋರಿನ ನಳಿಕೆಯ ಒಳವ್ಯಾಸ ಸುಮಾರು ಹದಿನೆಂಟೂವರೆ ಮಿಲಿಮೀಟರ್, 20 ಬೋರಿನದು ಹದಿನೈದೂವರೆಯ ಮೇಲೆ ತುಸು. ಬೋರಿನ ಅಂಕಿ ದೊಡ್ಡದಾದಷ್ಟೂ ತೋಟೆ ಸಣ್ಣದು. 20ರ ತೋಟೆಯನ್ನು 12ರ ಬಂದೂಕಿಗೆ ಹಾಕಿದರೆ ಅದು ಮುಂದೆ ಜಾರಿ ನಳಿಕೆ ಕಿರಿದಾಗುವಲ್ಲಿ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದವರಿಗೆ ತೋಟೆ ಕೂರುವ ಜಾಗ ಖಾಲಿ ಕಾಣುತ್ತದೆ. ತೋಟೆ ಹಾಕುವುದೇ ಮರೆತೆ ಎಂದುಕೊಂಡು 12ರದನ್ನು ತುಂಬಿ ಹಾರಿಸಿದರೆ ನಳಿಕೆ ಸಿಡಿಯುವುದು ಮುಂಗೈ ಹಿಡಿದ ಜಾಗದಲ್ಲೇ. ಈ ಕಾರಣಕ್ಕೇ ಅಮೆರಿಕದಲ್ಲಿ 20 ಬೋರಿನ ತೋಟೆಗಳನ್ನು ಹಳದಿ ಬಣ್ಣದಲ್ಲಿ ಮಾಡುವ ರೂಢಿ ಬಂತು. 12 ಬೋರಿನ ಒಳಗೂ 65, 70 ಮಿಲಿಮೀಟರ್ ಹೀಗೆ ಬೇರೆ ಬೇರೆ ಉದ್ದಗಳಿವೆ. 65ರ ಹಳೆಯ ಬಂದೂಕಿಗೆ 70ರದು ಸಲೀಸಾಗಿ ಒಳಗೆ ಹೋಗುತ್ತದೆ, ಯಾಕೆಂದರೆ ಮಡಚಿದ ಬಾಯಿ ಬಿಚ್ಚಿಕೊಂಡ ಮೇಲೆ ಸಿಗುವ ಉದ್ದ ಅದು. ಬಿಚ್ಚಿಕೊಳ್ಳಲು ಜಾಗವಿಲ್ಲದೆ ಚರೆ ಇಕ್ಕಟ್ಟಿನಲ್ಲಿ ಹಾಯಬೇಕಾಗಿ ಒತ್ತಡ ಏರುತ್ತದೆ.

ಪೂಜೆಯ ದಿನ ಮಾಡುವ ಒಂದು ಕೆಲಸವನ್ನೂ ಬಿಡಬೇಕು. ತೋಟೆಗೆ ಎಣ್ಣೆ ಸವರಬಾರದು. ತಳದ ಕೇಪಿನ ಸಂದಿಯಿಂದ ಎಣ್ಣೆ ಒಳಗಿಳಿದರೆ ಮದ್ದು ಪೂರ್ತಿ ಉರಿಯದೆ ಗುಂಡು ನಳಿಕೆಯ ಮಧ್ಯೆ ನಿಲ್ಲಬಹುದು. ಸದ್ದು ಎಂದಿಗಿಂತ ಮೆತ್ತಗೆ ಕೇಳಿದರೆ ಎರಡನೆಯದನ್ನು ಹಾರಿಸದೆ, ಆಯುಧವನ್ನು ಖಾಲಿ ಮಾಡಿ ನಳಿಕೆ ತೆರವಾಗಿದೆಯೇ ಎಂದು ತಿಳಿದವರಿಂದ ನೋಡಿಸಬೇಕು.

ಕಾನೂನಿನ ಮಾತೂ ಇದೇ ದಿಕ್ಕಿನದು. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಆಯುಧಕ್ಕೆ ಇದ್ದಂತೆ ತೋಟೆಗೂ ಪರವಾನಗಿ ಬೇಕು. ಯಾವ ಬಗೆ, ಎಷ್ಟು ಎಂಬುದು ಪುಸ್ತಕದಲ್ಲಿ ನಮೂದಾಗಿರುತ್ತದೆ, ಕೊಂಡಾಗಲೆಲ್ಲ ಅಂಗಡಿಯವರು ಬರೆಯುತ್ತಾರೆ. ರಿವಾಲ್ವರಿನ ಪರವಾನಗಿ ಇಟ್ಟುಕೊಂಡು ಪಕ್ಕದವರ ಪಿಸ್ತೂಲಿನ ತೋಟೆ ಕೈಗಡ ತಂದರೆ ಹಾರಿಸದಿದ್ದರೂ ತೊಂದರೆಯೇ. ತೂತನ್ನು ಕೊರೆಸಿ ಬೇರೆ ತೋಟೆಗೆ ಹೊಂದಿಸುವುದಂತೂ ಪರವಾನಗಿ ಇಲ್ಲದ ಕಮ್ಮಾರಿಕೆ, ಶಿಕ್ಷೆಗೆ ದಾರಿ.

ಆದ್ದರಿಂದ ಕ್ರಮ ಇಷ್ಟೇ. ಆಯುಧ ಖಾಲಿ ಇದೆಯೇ ಎಂದು ಖಚಿತ ಮಾಡಿಕೊಂಡು ನಳಿಕೆಯ ಮೇಲಿನ ಬರಹ ಓದಿ, ತೋಟೆಯ ತಳದ ಬರಹ ಓದಿ. ‘.32’ ಎಂಬ ಅಂಕಿಗೇ ನಿಲ್ಲದೆ ಪೂರ್ತಿ ಹೆಸರು ತಾಳೆಯಾಗುವುದೇ ನೋಡಿ. ತಯಾರಕರು ತಮ್ಮ ಕೈಪಿಡಿಯಲ್ಲಿ ‘ಇದೂ ನಡೆಯುತ್ತದೆ’ ಎಂದು ಹೇಳಿದ್ದನ್ನು ಬಿಟ್ಟು ಬೇರೆ ಯಾರ ಅನುಭವವನ್ನೂ ಪ್ರಮಾಣವೆಂದು ಹಿಡಿಯಬೇಡಿ. ಬರಹ ಅಳಿಸಿದ, ಹಸಿರು ಕಿಲುಬು ಹಿಡಿದ, ಯಾರದೆಂದು ಗೊತ್ತಿಲ್ಲದ ತೋಟೆಗಳನ್ನು ಬಾವಿಗೆ, ತಿಪ್ಪೆಗೆ ಎಸೆಯದೆ ಪರವಾನಗಿ ಪಡೆದ ಅಂಗಡಿಗೋ ಠಾಣೆಗೋ ತಿಳಿಸಿ ಒಪ್ಪಿಸಿ. ಒಂದು ಡಬ್ಬಿ ಸರಿಯಾದ ತೋಟೆ ಸಿಗಲು ತಿಂಗಳು ಕಾಯಬೇಕಾದರೂ ಕಾಯುವುದೇ ಲಾಭ. ತಪ್ಪು ತೋಟೆ ಸಿಡಿದರೆ ಗಾಯವಾಗುವುದು ಗುರಿಯ ಕಡೆಯವರಿಗಲ್ಲ, ಹಿಡಿದವರಿಗೆ ಮತ್ತು ಅವರ ಪಕ್ಕದಲ್ಲಿ ನಿಂತವರಿಗೆ.