ಗೇರ್‌ಬಾಕ್ಸ್ ಹೋಯ್ತು ಅನ್ನುವ ಮೊದಲು...

ಅಜ್ಜಾವರದಂಥ ಊರಲ್ಲಿ ಆಟೋಮ್ಯಾಟಿಕ್ ಕಾರು ಯಾರಿಗೆ ಬೇಕು ಅಂತ ಕೇಳುವವರು ಈಗಲೂ ಇದ್ದಾರೆ. ಬೇಕು ಮಾರಾಯ್ರೆ! ಬೆಂಗಳೂರಲ್ಲಿರುವ ಮಗ ಹೊಸ ಕಾರು ಕೊಂಡಾಗ ಹಳೆಯದು ಊರಿಗೆ ಬರುತ್ತದೆ. ಅಪ್ಪನ ಮೊಣಕಾಲು ಕ್ಲಚ್ ತುಳಿಯಲು ಒಪ್ಪುವುದಿಲ್ಲ. ಕಾಂತಮಂಗಲ ದಾಟಿ ಸುಳ್ಯಕ್ಕೆ ಹೋಗಿ ಅಡಿಕೆ ಕೊಟ್ಟು, ಡಾಕ್ಟರನ್ನು ಕಂಡು ಬರಲು ಇದಕ್ಕಿಂತ ಅನುಕೂಲ ಇನ್ನೇನುಂಟು? ತೊಂದರೆ ಶುರುವಾಗುವುದು ಗೇರ್ ಕೈಕೊಟ್ಟ ದಿನ. ಆಗ ಗ್ಯಾರೇಜಿನಲ್ಲಿ ಕೇಳಿಬರುವ ಮಾತು ಒಂದೇ: "ಗೇರ್‌ಬಾಕ್ಸ್ ಹೋಗಿದೆ, ಪೂರ್ತಿ ಬದಲಿಸಬೇಕು." ಆ ಖರ್ಚು ಕೇಳಿದರೆ ಕಾರಿನ ಬೆಲೆಯ ಹತ್ತಿರ ಬರುತ್ತದೆ. ಅಲ್ಲಿಗೆ ಕಾರು ಗುಜರಿಗೆ, ಅಪ್ಪ ಜಗಲಿಗೆ.

ನನ್ನ ವಾದ ಇಷ್ಟೇ. ಎಣ್ಣೆ ನೋಡದೆ, ಕೋಡ್ ಓದದೆ ಆ ಮಾತು ಹೇಳುವವರನ್ನು ನಂಬಬೇಡಿ.

ನಮ್ಮ ನೆಂಟರೊಬ್ಬರ ಹಳೆಯ ಕಾರಿನ ಕಥೆ ಕೇಳಿ. ಒಂದು ಬೆಳಗ್ಗೆ ಲಿವರ್ ಪಾರ್ಕಿಂಗ್‌ನಿಂದ ಅಲ್ಲಾಡಲಿಲ್ಲ. ಒಬ್ಬ ಮೆಕ್ಯಾನಿಕ್ ಬಂದು ಗೇರ್‌ಬಾಕ್ಸ್ ಇಳಿಸಬೇಕು ಅಂದ. ಇನ್ನೊಬ್ಬ ಬಂದವನು ಕಾರಿನ ಹಿಂದೆ ನಿಂತು "ಬ್ರೇಕ್ ಒತ್ತಿ" ಅಂದ. ಬ್ರೇಕ್ ಲೈಟ್ ಉರಿಯಲಿಲ್ಲ! ಬ್ರೇಕ್ ತುಳಿದಿದ್ದಾರೆ ಎಂದು ಗೊತ್ತಾಗದೆ ಈ ಗಾಡಿಗಳು ಪಾರ್ಕಿಂಗ್‌ನಿಂದ ಲಿವರ್ ಬಿಡುವುದಿಲ್ಲ. ಅದನ್ನು ತಿಳಿಸುವುದು ಪೆಡಲ್ ಹತ್ತಿರದ ಒಂದು ಪುಟ್ಟ ಸ್ವಿಚ್ಚು. ಅದನ್ನು ಬದಲಿಸಿದ್ದೇ ತಡ, ಕಾರು ಹೊರಟಿತು. (ಮೊದಲನೆಯವನು ಈಗಲೂ ಗೇರ್‌ಬಾಕ್ಸ್ ಇಳಿಸುತ್ತಲೇ ಇದ್ದಾನೆ, ಬೇರೆಯವರದ್ದು :-))

ಇನ್ನೊಂದು ಗೊಂದಲ, ಆಟೋಮ್ಯಾಟಿಕ್ ಅಂದರೆ ಎಲ್ಲವೂ ಒಂದೇ ಅಂದುಕೊಳ್ಳುವುದು. 2014ರಲ್ಲಿ ಮಾರುತಿ ಸೆಲೆರಿಯೊದಲ್ಲಿ ಬಂದ ಎಎಂಟಿ ನಿಜಕ್ಕೂ ನಮ್ಮ ಮಾಮೂಲಿ ಗೇರ್‌ಬಾಕ್ಸೇ. ಅದೇ ಕ್ಲಚ್ ಪ್ಲೇಟು, ತುಳಿಯುವ ಕೆಲಸ ಮಾತ್ರ ಯಂತ್ರದ್ದು. ಇದು ಏರಿನಲ್ಲಿ ಜಾರಿದರೆ ಹೆಚ್ಚಾಗಿ ಸವೆದದ್ದು ಕ್ಲಚ್ಚು. ತೋಟದ ಏರುದಾರಿಯಲ್ಲಿ ಬ್ರೇಕ್ ಹಿಡಿಯದೆ ಆಕ್ಸಿಲರೇಟರ್‌ನಲ್ಲೇ ಕಾರು ನಿಲ್ಲಿಸಿಕೊಳ್ಳುವವರಿಗೆ ಇದು ಬೇಗ ಬರುವ ಕಾಯಿಲೆ. ಬ್ಯಾಟರಿ ಸೋತರೂ ಎಎಂಟಿ ಹುಚ್ಚುಹುಚ್ಚಾಗಿ ಆಡುತ್ತದೆ. ಹೊಸ ಕ್ಲಚ್ ಹಾಕಿದ ಮೇಲೆ ಸ್ಕ್ಯಾನರ್ ಜೋಡಿಸಿ ಅದಕ್ಕೆ ಮತ್ತೆ ಪಾಠ ಹೇಳಬೇಕು, ಇಲ್ಲದಿದ್ದರೆ ಹೊಸ ಪ್ಲೇಟಿನಲ್ಲೂ ಕುಲುಕಾಟವೇ. ಸಿವಿಟಿ ಬೇರೆಯೇ ಜಾತಿ, ಎರಡು ರಾಟೆಗಳ ನಡುವೆ ಉಕ್ಕಿನ ಬೆಲ್ಟು. ಅದಕ್ಕೆ ಅದರದ್ದೇ ಎಣ್ಣೆ, ಬೇರೆ ಹಾಕಿದರೆ ಕೈಯಾರೆ ಕೊಂದ ಹಾಗೆ.

ಟಾರ್ಕ್ ಕನ್ವರ್ಟರ್ ಇರುವ ಹಳೆಯ ಕಾರುಗಳ ಜೀವ ಎಣ್ಣೆಯಲ್ಲಿದೆ. ಒಳಗಿನ ಕ್ಲಚ್ಚುಗಳನ್ನು ಹಿಡಿಸುವುದೂ, ತಂಪು ಮಾಡುವುದೂ, ಇಂಜಿನ್ನಿನ ಶಕ್ತಿ ದಾಟಿಸುವುದೂ ಅದೇ. 'ಡಿ'ಗೆ ಹಾಕಿದ ಮೇಲೆ ಎರಡು ಸೆಕೆಂಡು ಸುಮ್ಮನಿದ್ದು ಧಡ್ ಅಂತ ಹಿಡಿಯುವುದು, ಏರಿನಲ್ಲಿ ಇಂಜಿನ್ ಕೂಗಿದರೂ ಕಾರು ಏರದಿರುವುದು... ಎಣ್ಣೆ ಕಡಿಮೆಯಾದರೂ ಹೀಗೇ ಆಗುತ್ತದೆ. ಅಂಗಳದಲ್ಲಿ ಕೆಂಪು ಕಲೆ ಬಿದ್ದಿದೆಯಾ ನೋಡಿ. ಕಡ್ಡಿ ಇದ್ದರೆ ಎಳೆದು ನೋಡಿ. ಸಾಮಾನ್ಯವಾಗಿ ಗಾಡಿ ಬಿಸಿಯಾದ ಮೇಲೆ, ಸಮತಟ್ಟು ಜಾಗದಲ್ಲಿ, ಇಂಜಿನ್ ಓಡುತ್ತಿರುವಾಗ ನೋಡಬೇಕು. ಹೋಂಡಾದ ಹಳೆಯ ಕಾರುಗಳಲ್ಲಿ ಮಾತ್ರ ಇಂಜಿನ್ ನಿಲ್ಲಿಸಿ ಒಂದು ನಿಮಿಷ ಬಿಟ್ಟು. ಕೆಂಪಿದ್ದರೆ ಸರಿ. ಕಪ್ಪಾಗಿ ಕರಟಿದ ವಾಸನೆ ಬಂದರೆ ಒಳಗೆ ಸುಟ್ಟಿದೆ. ಗುಲಾಬಿ ಬಣ್ಣದ ಮಿಲ್ಕ್‌ಶೇಕಿನಂತಿದ್ದರೆ ರೇಡಿಯೇಟರಿನ ನೀರು ಸೇರಿದೆ, ಮತ್ತೆ ಸ್ಟಾರ್ಟ್ ಮಾಡಲೇಬೇಡಿ.

"ಇದು ಲೈಫ್‌ಟೈಮ್ ಎಣ್ಣೆ, ಬದಲಿಸೋದು ಬೇಡ" ಅನ್ನುವ ಮಾತು ನನಗೆ ನಗು ತರಿಸುತ್ತದೆ. ಯಾರ ಲೈಫ್‌ಟೈಮು ಸ್ವಾಮಿ? ಘಟ್ಟದ ಓಡಾಟವನ್ನು ಎಷ್ಟೋ ಕಂಪನಿಗಳ ಕೈಪಿಡಿಗಳೇ ಕಠಿಣ ಬಳಕೆ ಎಂದು ಲೆಕ್ಕ ಹಾಕಿ, ಎಣ್ಣೆಯನ್ನು ಬೇಗ ಬದಲಿಸಲು ಹೇಳುತ್ತವೆ. ಸಂಪಾಜೆ ಘಾಟಿ ಹತ್ತಿಳಿಯುವ ಗಾಡಿ ಮತ್ತೇನು? ಒಮ್ಮೆ ಡ್ರೈನ್ ಮಾಡಿದರೆ ಅರ್ಧಂಬರ್ಧವೇ ಹೊರಬರುತ್ತದೆ, ಉಳಿದದ್ದು ಕನ್ವರ್ಟರಿನೊಳಗೇ. ಹಾಗಾಗಿ ಸ್ವಲ್ಪ ಓಡಿಸಿ ಮತ್ತೊಮ್ಮೆ ಬದಲಿಸಬೇಕು. ತಳದ ತಟ್ಟೆ ಬಿಚ್ಚಿದಾಗ ನೀವೂ ಹತ್ತಿರ ನಿಲ್ಲಿ. ಅಯಸ್ಕಾಂತಕ್ಕೆ ಬೂದು ಕೆಸರು ಅಂಟಿದ್ದರೆ ಹೆದರಬೇಡಿ, ಅದು ಸಹಜ ಸವೆತ. ಹೊಳೆಯುವ ಚೂರುಗಳು ಸಿಕ್ಕರೆ ಮಾತ್ರ "ಹೋಗಿದೆ" ಅನ್ನುವ ಮೆಕ್ಯಾನಿಕ್ ಮಾತಿಗೆ ನಾನೂ ತಲೆದೂಗುತ್ತೇನೆ.

ಕೋಡ್ ಬಗ್ಗೆ ಒಂದು ಮಾತು. ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಹಿಡಿದು "ಪಿ0700 ಬಂದಿದೆ, ಗೇರ್‌ಬಾಕ್ಸ್ ಹಾಳು" ಅಂತ ತೀರ್ಪು ಕೊಡುವವರಿದ್ದಾರೆ. ಆ ಕೋಡಿನ ಅರ್ಥ ಗೇರ್‌ಬಾಕ್ಸಿನ ಕಂಪ್ಯೂಟರಿಗೆ ಏನೋ ದೂರಿದೆ ಎಂದಷ್ಟೇ. ದೂರೇನೆಂದು ಆ ಕಂಪ್ಯೂಟರನ್ನೇ ಕೇಳಬೇಕು, ಅದನ್ನು ಓದಬಲ್ಲ ಸ್ಕ್ಯಾನರ್ ಬೇಕು. ಬಾಗಿಲು ಬಡಿದ ಸದ್ದು ಕೇಳಿ ಬಂದವರು ಯಾರೆಂದು ಹೇಳಿಬಿಟ್ಟರೆ ಹೇಗೆ? ಎಷ್ಟೋ ಸಲ ಒಳಗಿರುವ ದೂರು ಒಂದು ಸೆನ್ಸರಿನದ್ದೋ ಸೊಲೆನಾಯ್ಡಿನದ್ದೋ ಆಗಿರುತ್ತದೆ, ಇಲ್ಲಾ ಇಲಿ ಕಡಿದ ವಯರಿನದ್ದು.

ಕೊನೆಗೆ, ನಮ್ಮ ಕಡೆಯ ಜೀಪು ಮತ್ತು ಹಗ್ಗ. ಕೆಟ್ಟ ಗಾಡಿಯನ್ನು ಜೀಪಿಗೆ ಕಟ್ಟಿ ಎಳೆಯುವುದು ನಮಗೆಲ್ಲ ರೂಢಿ, ನೆರೆಮನೆಯವರ ಉಪಕಾರವೂ ಹೌದು. ಆದರೆ ಟಾರ್ಕ್ ಕನ್ವರ್ಟರ್ ಗಾಡಿಯಲ್ಲಿ ಎಣ್ಣೆ ತಳ್ಳುವ ಪಂಪು ತಿರುಗುವುದು ಇಂಜಿನ್ ಓಡಿದಾಗ ಮಾತ್ರ. ಇಂಜಿನ್ ನಿಂತು ಚಕ್ರ ಉರುಳಿದರೆ ಒಳಗಿನ ಭಾಗಗಳು ಎಣ್ಣೆಯಿಲ್ಲದೆ ಉಜ್ಜಿಕೊಳ್ಳುತ್ತವೆ. ಸ್ವಿಚ್ಚಿನ ದೋಷವಷ್ಟೇ ಇದ್ದ ಕಾರು ಅಜ್ಜಾವರದಿಂದ ಪುತ್ತೂರು ಮುಟ್ಟುವಷ್ಟರಲ್ಲಿ ನಿಜಕ್ಕೂ ಗೇರ್‌ಬಾಕ್ಸ್ ಕಳಕೊಂಡಿರಬಹುದು. ಮುಂದಿನ ಚಕ್ರ ಓಡಿಸುವ ಕಾರಾದರೆ ಮುಂದಿನ ಚಕ್ರಗಳನ್ನು ಎತ್ತಿಯೇ ಒಯ್ಯಬೇಕು, ಅದಕ್ಕಿಂತ ಒಳ್ಳೆಯದು ಲಾರಿಯ ಮೇಲೆ ಹೇರುವುದು. ಜೀಪಿನವರು ಬೇಸರ ಮಾಡಿಕೊಂಡರೂ ಪರವಾಗಿಲ್ಲ, ಹಗ್ಗ ಬೇಡ ಅನ್ನಿ.