ಬಾಟಲಿ ಏಕೆ ಬೀಳಲಿಲ್ಲ?

ದೀಪಾವಳಿ ರಜೆ ಮುಗಿದ ಮೇಲೆ ಮಿಡಿಗೇಶಿಯ ಹುಡುಗನೊಬ್ಬ ಕೇಳಿದ: "ಸಾರ್, ಬಂದೂಕು ಹಾರಿಸಿದರೆ ಭುಜಕ್ಕೆ ಒದೆಯುತ್ತಂತೆ. ರಾಕೆಟ್ ಹಾರಿದರೆ ಬಾಟಲಿ ಯಾಕೆ ಬೀಳಲ್ಲ?"

ಪ್ರಶ್ನೆ ಚಿಕ್ಕದಲ್ಲ. ಬ್ರಿಟಿಷ್ ನೌಕಾಪಡೆಯ ದೋಣಿಗಳಿಗೆ ರಾಕೆಟ್ ಏರಿದ್ದರ ಗುಟ್ಟು ಇದರಲ್ಲೇ ಇದೆ.

ಗುಂಡು ಮುಂದಕ್ಕೆ ಹಾರಿದಾಗ ಫಿರಂಗಿ ಹಿಂದಕ್ಕೆ ಜಿಗಿಯುತ್ತದೆ. ಇದು ನ್ಯೂಟನ್ನನ ಮೂರನೆಯ ನಿಯಮ. 32 ಪೌಂಡಿನ ಗುಂಡು ಹಾರಿಸುವ ಹಡಗಿನ ಫಿರಂಗಿಯ ತೂಕ ಎರಡೂವರೆ ಟನ್ನಿಗೂ ಹೆಚ್ಚು. ಅದರ ಒದೆತ ತಾಳಲು ದೊಡ್ಡ ಹಡಗೇ ಬೇಕು. ರಾಕೆಟ್ ಹಾಗಲ್ಲ. ತನ್ನೊಳಗೆ ಉರಿದ ಮದ್ದಿನ ಅನಿಲವನ್ನು ಹಿಂದಕ್ಕೆ ಚಿಮ್ಮಿಸಿ ತಾನು ಮುಂದಕ್ಕೆ ಹೋಗುತ್ತದೆ. ಹಿಂದಕ್ಕೆ ಹೋಗುವುದು ಅನಿಲ. ಬಾಟಲಿಯೂ ಅಲ್ಲ, ದೋಣಿಯೂ ಅಲ್ಲ.

ಈ ರಾಕೆಟ್ ಇಂಗ್ಲೆಂಡಿಗೆ ಹೋದದ್ದು ನಮ್ಮ ನಾಡಿನಿಂದ. ಹೈದರಾಲಿ, ಟಿಪ್ಪು ಕಾಲದ ಮೈಸೂರಿನಲ್ಲಿ ಮದ್ದನ್ನು ಕಬ್ಬಿಣದ ಕೊಳವೆಗೆ ತುಂಬಿ, ಬಿದಿರಿನ ಗಳ ಕಟ್ಟುತ್ತಿದ್ದರು. ಕಾಗದದ ಕೊಳವೆ ತಡೆಯದ ಒತ್ತಡವನ್ನು ಕಬ್ಬಿಣ ತಡೆಯಿತು. ರಾಕೆಟ್ ಹೆಚ್ಚು ದೂರ ಹೋಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವುಗಳಲ್ಲಿ ಕೆಲವು ಇಂಗ್ಲೆಂಡ್ ಸೇರಿದವು.

ಅಲ್ಲಿ ವಿಲಿಯಂ ಕಾಂಗ್ರೀವ್ 1804ರ ಸುಮಾರಿಗೆ ಪ್ರಯೋಗಕ್ಕೆ ಇಳಿದ. ಮದ್ದಿನ ಪಾಲು, ಕೊಳವೆಯ ಅಳತೆ, ಹಾರಿದ ದೂರ ಎಲ್ಲವನ್ನೂ ಪರೀಕ್ಷಿಸಿದ. 1805ರಲ್ಲಿ ಫ್ರಾನ್ಸಿನ ಬುಲೋನ್ ಬಂದರಿನ ಮೇಲೆ ನಡೆಸಿದ ಮೊದಲ ಯತ್ನ ಹವಾಮಾನದಿಂದ ಕೆಟ್ಟಿತು. ಅವನು ಕೈಬಿಡಲಿಲ್ಲ. 1806ರಲ್ಲಿ ಸಣ್ಣ ದೋಣಿಗಳಿಂದ ಅರ್ಧ ಗಂಟೆಯಲ್ಲಿ ಸುಮಾರು 2,000 ರಾಕೆಟ್ ಹಾರಿದವು. 1807ರಲ್ಲಿ ಕೋಪನ್‌ಹೇಗನ್ ನಗರದ ಮೇಲೆ ಬಾಂಬುಗಳ ಜೊತೆ ರಾಕೆಟ್‌ಗಳೂ ಬಿದ್ದವು. ಊರು ಹೊತ್ತಿ ಉರಿದು ನೂರಾರು ನಾಗರಿಕರು ಸತ್ತರು. ವಿಜ್ಞಾನ ಓದುವವರು ಇದನ್ನೂ ಮರೆಯಬಾರದು.

ಗುರಿಯ ಕೊರತೆ ಮಾತ್ರ ಉಳಿಯಿತು. ಗಾಳಿ ಬೀಸಿದರೆ ರಾಕೆಟ್ ದಾರಿ ತಪ್ಪುತ್ತಿತ್ತು. 1844ರಲ್ಲಿ ವಿಲಿಯಂ ಹೇಲ್ ಕೋಲನ್ನೇ ತೆಗೆದು, ರಾಕೆಟ್ ಬುಗುರಿಯಂತೆ ತಿರುಗುತ್ತ ಸಾಗುವಂತೆ ಮಾಡಿದ.

ಕಾಂಗ್ರೀವ್ ತನ್ನ ಕೆಲಸವನ್ನು ಚಿತ್ರಸಹಿತ ಪುಸ್ತಕ ಮಾಡಿದ. ರಾಕೆಟ್‌ಗೆ ಅವನ ಹೆಸರೇ ಬಂತು. ಇಲ್ಲಿ? ಶಿವಮೊಗ್ಗ ಜಿಲ್ಲೆಯ ನಗರದಲ್ಲಿ 2018ರಲ್ಲಿ ಹಳೆಯ ಬಾವಿಯೊಂದನ್ನು ಅಗೆದಾಗ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ಸಿಕ್ಕವು. ಕಮ್ಮಾರರ ಕೈಕೆಲಸ ಕೆಸರಿನಲ್ಲಿ ಉಳಿದಿತ್ತು.

ಮಕ್ಕಳೇ, ಈ ಭಾನುವಾರ ಒಂದು ಪ್ರಯೋಗ ಮಾಡಿ. ಉದ್ದನೆಯ ದಾರಕ್ಕೆ ಸ್ಟ್ರಾ ಪೋಣಿಸಿ ದಾರವನ್ನು ಬಿಗಿಯಾಗಿ ಕಟ್ಟಿ. ಊದಿದ ಬಲೂನನ್ನು ಸ್ಟ್ರಾಗೆ ಅಂಟಿಸಿ ಬಾಯಿ ಬಿಡಿ. ಎಷ್ಟು ದೂರ ಹೋಯಿತು? ಅಳೆದು ಬರೆದಿಡಿ. ಪೋಷಕರೇ, ಆ ಪುಸ್ತಕವನ್ನು ರದ್ದಿಗೆ ಹಾಕಬೇಡಿ.